ಠ ಯಾವುದು, ರ ಯಾವುದು ಕಾಣೋ ತೆಳು ಲ್ಯಾಪ್‌ಟಾಪ್ ಬೇಕಾಗ್ಯದ, ಹೇಳ್ರಿ

ಬರಹದಂಗಡಿ (ರಾಯಚೂರು)

ಎಲ್ಲರಿಗೂ ನಮಸ್ಕಾರ. ತೀನ್ ಕಂದೀಲ್ ಹತ್ರ ನಂದೊಂದು ಸಣ್ಣ ಡಿಟಿಪಿ ಅಂಗಡಿ ಅದ. ಲಗ್ನಪತ್ರಿಕಿ, ಕ್ರಯಪತ್ರ, ಕಾಲೇಜ್ ಹುಡುಗರ ಪ್ರಬಂಧ, ಜಾತ್ರಿ ಕರಪತ್ರ, ವರ್ಷಕ್ಕ ಒಂದೋ ಎರಡೋ ಸ್ಮರಣ ಸಂಚಿಕೆ. ವಾರಕ್ಕೆರಡು ದಿನ ಮಾನ್ವಿಗೆ ಅವ್ವನ ಕಡೆ ಹೋಗಬೇಕು, ಕೆಲಸ ಬ್ಯಾಗಿನಾಗ ಹಾಕ್ಕೊಂಡೇ ಬಸ್ ಹತ್ತತೀನಿ. ಈಗಿನ ಲ್ಯಾಪ್‌ಟಾಪ್ 15.6 ಇಂಚಿಂದು, ಚಾರ್ಜರ್ ಸೇರಿ ಮೂರು ಕಿಲೋಕ್ಕ ಹತ್ರ ತೂಗ್ತದ. ಬಸ್ಸಿನಾಗ ಸೀಟ್ ಸಿಗದಿದ್ರ ಭುಜ ಹೋಯ್ತು ಅಂತನೇ ಲೆಕ್ಕ.

ಆದ್ರ ನಿಜವಾದ ಕಾರಣ ಬ್ಯಾರೆನೇ ಅದ. ಹೋದ ತಿಂಗಳು ಒಂದು ಮಠದ ಕರಪತ್ರ ಮಾಡಿಕೊಟ್ಟೆ. ಅಂಗಡಿ ಹುಡುಗ ಟೈಪ್ ಮಾಡಿದ, ನಾ ಪರದೆ ಮ್ಯಾಲ ಎರಡು ಸಲ ಓದೀನಿ. 500 ಪ್ರತಿ ಅಚ್ಚಾಗಿ ಬಂದ ಮ್ಯಾಲ ನೋಡಿದ್ರ ‘ಪೀಠಾಧಿಪತಿಗಳು’ ಹೋಗಿ ‘ಪೀರಾಧಿಪತಿಗಳು’ ಆಗಿತ್ತು. ಸ್ವಾಮಿಗಳು ಸಿಟ್ಟು ಮಾಡಲಿಲ್ಲ, “ಇರ್ಲಿ ಬಿಡವ್ವ, ರಾಯಚೂರಾಗ ಪೀರನೂ ನಮ್ಮವನೇ” ಅಂತ ನಕ್ಕುಬಿಟ್ರು. ಆದ್ರ ಕಾಗದದ ರೊಕ್ಕ ನಂದೇ ಹೋಯ್ತು. ಮತ್ತ ಪರದೆ ನೋಡಿದ್ರ ಆ ಠ ಒಳಗಿನ ಚುಕ್ಕಿ ಕಾಣೋದೇ ಇಲ್ಲ, ಬರೇ ಮಬ್ಬು.

ಒಂದು ಲಕ್ಷದೊಳಗ ತೆಳುಂದು, ಪರದೆ ಚಲೋ ಇರೋದು ಬೇಕು. ಅಂಗಡಿಯವ್ರು ‘2.8ಕೆ ಓಲೆಡ್ ತಗೋರಿ ಮೇಡಂ’ ಅಂತಾರ. ಕೆಲಸ ಎಲ್ಲಾ ನುಡಿ (ಕನ್ನಡ ಟೈಪ್ ಮಾಡೋದು), ಪೇಜ್‌ಮೇಕರ್ (ಪುಟ ಕಟ್ಟೋದು), ವರ್ಡ್ ಮತ್ತ ಪಿಡಿಎಫ್. ತಿಳಿದವ್ರು ಹೇಳ್ರಿ.

ಪರ ಊರಾಂವ (ಊರು ಸಿಂಧನೂರು, ಇರೋದು ಬೆಂಗಳೂರು)

ಓಲೆಡ್ ತಗೋರಿ ಅಕ್ಕಾರೆ, ಕಣ್ಮುಚ್ಚಿ ತಗೋರಿ. ನಂದು ಅದೇ, ಚುಕ್ಕಿ ಚುಕ್ಕಿನೂ ತಾನೇ ಬೆಳಗೋ ಪರದೆ. ಕಪ್ಪು ಅಂದ್ರ ಕಪ್ಪು, ಬಣ್ಣ ಅಂದ್ರ ಬಣ್ಣ. ಒಂದು ಸಲ ನೋಡಿದ್ರ ಹಳೇದರ ಕಡೆ ಮುಖ ಮಾಡಂಗಿಲ್ಲ.

ಗಂಜ್ ಲೆಕ್ಕ (ರಾಯಚೂರು)

ಕಣ್ಮುಚ್ಚಿ ತಗೊಂಡ್ರ ಪರದೆ ಯಾಕ ಬೇಕೋ ತಮ್ಮಾ.

ಒತ್ತಕ್ಷರ (ಗಂಗಾವತಿ)

ತಂಗಿ, ನಾನು ನಿವೃತ್ತ ಕನ್ನಡ ಮೇಷ್ಟ್ರು. ಈಗ ಮನೆಯಲ್ಲೇ ಕರಡು ತಿದ್ದುವ ಕೆಲಸ. ನಿಮ್ಮ ಠಕಾರದ ಕಥೆ ಓದಿ ನಗು ಬಂತು, ಆಮೇಲೆ ನನ್ನದೇ ನಾಲ್ಕು ನೆನಪಾಗಿ ನಗು ನಿಂತಿತು.

ಇಂಗ್ಲಿಷ್ ಓದುವವರಿಗೆ ಇಲ್ಲದ ತೊಂದರೆ ನಮಗಿದೆ, ಅದನ್ನು ಲ್ಯಾಪ್‌ಟಾಪ್ ಮಾರುವವರು ಯಾರೂ ಹೇಳುವುದಿಲ್ಲ. ರಕ್ಕೂ ಠಕ್ಕೂ ಒಂದು ಚುಕ್ಕಿ ವ್ಯತ್ಯಾಸ. ದ, ಧ ನಡುವೆ ಕೆಳಗಿನ ಒಂದು ಸೀಳು. ಪ, ಫ ಹಾಗೇ. ಡ, ಢ ಹಾಗೇ. ಅದರ ಮೇಲೆ ಒತ್ತಕ್ಷರ ಬಂದರೆ ಅಕ್ಷರ ಅರ್ಧ ಗಾತ್ರಕ್ಕೆ ಕುಗ್ಗುತ್ತದೆ. ‘ಬುದ್ಧಿ’ಯ ಒತ್ತು ಧಕಾರವೋ ದಕಾರವೋ ಎಂದು ಪರದೆಯಲ್ಲಿ ಹೇಳಲು ಆಗದೆ ನಾನು ಎಷ್ಟೋ ಸಲ ಊಹೆಯಿಂದ ಮುಂದೆ ಹೋಗಿದ್ದೇನೆ. ಕರಡು ತಿದ್ದುವವನು ಊಹಿಸಬಾರದು.

ಒಂದು ಲೆಕ್ಕ ಹಾಕಿ ನೋಡಿ. 15.6 ಇಂಚಿನ 1366×768 ಪರದೆಯಲ್ಲಿ ಒಂದು ಇಂಚಿಗೆ ಸುಮಾರು 100 ಚುಕ್ಕಿ (ಪಿಕ್ಸೆಲ್). 11 ಪಾಯಿಂಟ್ ಅಕ್ಷರವನ್ನು ಅಚ್ಚಿನ ಗಾತ್ರದಲ್ಲೇ ತೋರಿಸಿದರೆ ಅದಕ್ಕೆ ಸಿಗುವ ಎತ್ತರ 15 ಚುಕ್ಕಿ. ಅದರಲ್ಲಿ ಒತ್ತಿಗೆ ಸಿಗುವುದು ಏಳೋ ಎಂಟೋ. ಏಳು ಚುಕ್ಕಿಯಲ್ಲಿ ಧಕಾರದ ಸೀಳು ಬರೆಯಲು ಹೋದರೆ ಬ್ರಹ್ಮನಿಗೂ ಆಗದು. ಅಂಗಡಿಯವರು 2.8ಕೆ ಎನ್ನುವ 14 ಇಂಚಿನ 2880×1800 ಪರದೆಯಲ್ಲಿ ಇಂಚಿಗೆ 242ರ ಮೇಲೆ. ಅದೇ ಅಕ್ಷರಕ್ಕೆ 37 ಚುಕ್ಕಿ, ಒತ್ತಿಗೆ 18. ಸೀಳೂ ಕಾಣುತ್ತದೆ, ಠಕಾರದ ಚುಕ್ಕಿಯೂ ಕಾಣುತ್ತದೆ. ಹಾಗಾಗಿ ನೀವು ಕೇಳುತ್ತಿರುವುದು ಶೋಕಿ ಅಲ್ಲ.

ಬರಹದಂಗಡಿ (ರಾಯಚೂರು)

ಗುರುಗಳೇ, ಇದನ್ನ ಯಾರೂ ಹಿಂಗ ಬಿಡಿಸಿ ಹೇಳಿರಲಿಲ್ಲ. ನಾ ಝೂಮ್ ಮಾಡಿ ಓದಬೇಕಿತ್ತು ಅಂತ ನನ್ನನ್ನೇ ಬೈಕೊಂಡಿದ್ದೆ.

ಒತ್ತಕ್ಷರ (ಗಂಗಾವತಿ)

ಝೂಮ್ ಮಾಡಿದರೆ ಅಕ್ಷರ ಕಾಣುತ್ತದೆ, ಸಾಲು ತಪ್ಪುತ್ತದೆ. ಅರ್ಧ ಸಾಲು ಓದಿ ಪರದೆ ಸರಿಸಿ ಉಳಿದರ್ಧ ಓದುವಾಗಲೇ ಪದ ಬಿಟ್ಟುಹೋಗುವುದು.

ಗೆರೆ (ಕೊಪ್ಪಳ)

ನಾನು ಸಿವಿಲ್ ಡ್ರಾಫ್ಟಿಂಗ್ ಮಾಡೋನ್ರಿ, ಆಟೋಕ್ಯಾಡ್. ಅಕ್ಕಾರಿಗೆ ಒಂದು ಎಚ್ಚರಿಕೆ. ಪರದೆ ಎಷ್ಟೇ ಚಲೋ ಇದ್ರೂ ಹಳೇ ಸಾಫ್ಟ್‌ವೇರ್ ಅದನ್ನ ಹಾಳು ಮಾಡತೈತಿ. ನೀವು ಪೇಜ್‌ಮೇಕರ್ ಅಂದ್ರಿ. ಅದರ 7ನೇ ಆವೃತ್ತಿ ಬಂದಿದ್ದು 2001ರಾಗ, ಆಮ್ಯಾಲ ಹೊಸಾದು ಬರಲೇ ಇಲ್ಲ. ಆವಾಗಿನ ಪರದೆ ಅಂದ್ರ 1024×768. ಇಂಥಾ ಪರದೆ ಬರತೈತಿ ಅಂತ ಅದಕ್ಕ ಕನಸೂ ಬಿದ್ದಿರಂಗಿಲ್ಲ.

ಆಗೋದು ಏನಂದ್ರ, ಚುಕ್ಕಿ ಒತ್ತೊತ್ತಾಗಿರೋ ಪರದಿ ಮ್ಯಾಲ ಎಲ್ಲಾ ಇರುವಿ ಗಾತ್ರಕ್ಕ ಕಾಣತೈತಿ ಅಂತ ವಿಂಡೋಸ್ ಎಲ್ಲಾನೂ ದೊಡ್ಡದು ಮಾಡಿ ತೋರಸತೈತಿ. ಇದಕ್ಕ ಸ್ಕೇಲಿಂಗ್ ಅಂತಾರ: 125, 150, 175, 200 ಶೇಕಡಾ. ಹೊಸಾ ಸಾಫ್ಟ್‌ವೇರ್‌ಗಳು ಈ ಮಾತು ಕೇಳಿ ತಾವೇ ಅಕ್ಷರ ಹೊಸದಾಗಿ ಬರೀತಾವ. ಹಳೇವಕ್ಕ ಈ ಮಾತೇ ಗೊತ್ತಿಲ್ಲ. ಅವು ಸಣ್ಣ ಚಿತ್ರ ಬರೆದು ಕೊಡತಾವ, ವಿಂಡೋಸ್ ಅದನ್ನ ರೊಟ್ಟಿ ತಟ್ಟಿದಂಗ ತಟ್ಟಿ ಅಗಲ ಮಾಡತೈತಿ. ಅಕ್ಷರ ಮಬ್ಬು. ಇನ್ನ ಕೆಲವು ‘ನನಗ ಗೊತ್ತೈತಿ ಬಿಡು’ ಅಂತ ಹೇಳಿ ಏನೂ ಮಾಡಂಗಿಲ್ಲ. ಅವುದರಾಗ ಬಟನ್ನು ಎಳ್ಳಿನಷ್ಟು ಆಗತಾವ. ಆಟೋಕ್ಯಾಡ್‌ನಾಗೂ 2018ರ ಆವೃತ್ತಿ ಬರೋ ತನಕ ದೊಡ್ಡ ಪರದಿ ಮ್ಯಾಲ ಇದೇ ಗೋಳು ಇತ್ತು.

ಅಂದ್ರ ಲಕ್ಷ ರೂಪಾಯಿ ಕೊಟ್ಟು ತಂದು ಪೇಜ್‌ಮೇಕರ್ ತೆಗದ್ರ, ಹಳೇ ಮಬ್ಬೇ ಇನ್ನೂ ಮೆತ್ತಗಾಗಿ ಕಾಣಬಹುದು.

ಬರಹದಂಗಡಿ (ರಾಯಚೂರು)

ಅಯ್ಯೋ. ಹಂಗಾದ್ರ ಬ್ಯಾಡೇನು? ಪೇಜ್‌ಮೇಕರ್ ಬಿಡಂಗಿಲ್ರೀ, 15 ವರ್ಷದ ಫೈಲ್ ಎಲ್ಲಾ ಅದರಾಗ ಅದಾವ. ಹೋದ ವರ್ಷದ ಲಗ್ನಪತ್ರಿಕಿ ತೆಗೆದು ಹೆಸರು ತಾರೀಕು ಬದಲಿ ಮಾಡಿದ್ರ ಹತ್ತು ನಿಮಿಷದ ಕೆಲಸ.

ಗೆರೆ (ಕೊಪ್ಪಳ)

ಬ್ಯಾಡ ಅನ್ನಲಿಲ್ರಿ, ಉಪಾಯ ಐತಿ. ಮೂರು ಹೇಳ್ತೀನಿ.

ಮೊದಲನೇದು, ಸ್ಕೇಲಿಂಗ್ 200ಕ್ಕ ಇಡ್ರಿ. 150, 175 ಬ್ಯಾಡ. ಒಂದು ಚುಕ್ಕಿ ಜಾಗಾಕ್ಕ ಸರಿಯಾಗಿ ನಾಲ್ಕು ಚುಕ್ಕಿ ಕೂಡತಾವ, ಅರ್ಧ ಚುಕ್ಕಿ ಎಲ್ಲಿ ಇಡಬೇಕು ಅನ್ನೋ ಗೊಂದಲ ಕಡಿಮಿ. ಎರಡನೇದು, ಆ ಸಾಫ್ಟ್‌ವೇರಿನ ಚಿಹ್ನೆ ಮ್ಯಾಲ ಬಲಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಅಲ್ಲಿ ‘ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್’. ಕೆಳಗಿನ ಓವರ್‌ರೈಡ್ ಪೆಟ್ಟಿಗಿಗೆ ಗುರುತು ಹಾಕಿ ‘ಸಿಸ್ಟಮ್ ಎನ್‌ಹ್ಯಾನ್ಸ್‌ಡ್’ ಆರಿಸ್ರಿ. ಕೆಲವು ಹಳೇ ಸಾಫ್ಟ್‌ವೇರ್‌ನಾಗ ಇದರಿಂದ ಅಕ್ಷರ ಚೊಕ್ಕ ಆಗತಾವ, ಕೆಲವುದರಾಗ ಏನೂ ಆಗಂಗಿಲ್ಲ. ಹಾಕಿ ನೋಡಬೇಕು.

ಮೂರನೇದು ಬಾಳ ಸರಳ. ಪೇಜ್‌ಮೇಕರ್‌ನಾಗ ಪುಟ ಕಟ್ರಿ, ಓದಬ್ಯಾಡ್ರಿ. ಪಿಡಿಎಫ್ ಮಾಡಿ ಪಿಡಿಎಫ್‌ನಾಗ ಓದ್ರಿ. ಪಿಡಿಎಫ್ ಓದೋ ಸಾಫ್ಟ್‌ವೇರ್ ಹೊಸಾದು, ಪರದಿ ಪೂರಾ ಬಳಸತೈತಿ. ಹಳೇ ಆಸ್ಕಿ ಫಾಂಟ್ ಇರ್ಲಿ, ಎಲ್ಲಾ ಕಡೆ ಓದಲಿಕ್ಕ ಬರೋ ಹೊಸಾ ಯುನಿಕೋಡ್ ಇರ್ಲಿ, ಅಕ್ಷರ ಅಚ್ಚಿನಾಗ ಇದ್ದಂಗ ಕಾಣತಾವ. ನಿಮ್ಮ ಪೀರ ಅಲ್ಲೇ ಸಿಕ್ಕಿಬೀಳತಿದ್ದ.

ಒತ್ತಕ್ಷರ (ಗಂಗಾವತಿ)

ಮೂರನೆಯದು ನೂರಕ್ಕೆ ನೂರು. ನಾನೂ ಹಾಗೇ ಮಾಡುವುದು. ಟೈಪ್ ಮಾಡಿದ ಕಿಟಕಿಯಲ್ಲೇ ಓದಿದರೆ ಕಣ್ಣು ನಾವು ಬರೆಯಬೇಕೆಂದಿದ್ದನ್ನು ಓದುತ್ತದೆ, ಬರೆದದ್ದನ್ನಲ್ಲ.

ಕೆಂಪು ಧೂಳು (ಬಳ್ಳಾರಿ)

ನಾನು ಲ್ಯಾಪ್‌ಟಾಪ್ ರಿಪೇರಿ ಮಾಡುವವನು. ಎಲ್ಲರೂ ಪರದೆ ಪರದೆ ಅಂತಿದ್ದೀರಿ, ನನ್ನ ಮೇಜಿಗೆ ಬರುವ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಪರದೆ ಕೆಟ್ಟು ಬರುವುದು ಕಡಿಮೆ. ಬರುವುದು ಎರಡಕ್ಕೆ: ಬಿಸಿ ಮತ್ತು ಧೂಳು.

ಹಲವು ಕಂಪನಿಗಳ ವಿವರಪತ್ರ ತೆಗೆದು ಓದಿ. ಯಂತ್ರ ಕೆಲಸ ಮಾಡಬೇಕಾದ ಸುತ್ತಲಿನ ಉಷ್ಣತೆ 35 ಡಿಗ್ರಿವರೆಗೆ ಅಂತ ಬರೆದಿರುತ್ತದೆ. ಮೇ ತಿಂಗಳಲ್ಲಿ ನಿಮ್ಮೂರು, ನಮ್ಮೂರು 40 ದಾಟುತ್ತವೆ. ತಗಡಿನ ಅಂಗಡಿ ಆದರೆ ಕೇಳುವುದೇ ಬೇಡ. ಅಂದರೆ ಮಧ್ಯಾಹ್ನ 12ಕ್ಕೆ ನೀವು ಶುರು ಮಾಡುವ ಮೊದಲೇ ಯಂತ್ರ ಗೆರೆ ದಾಟಿ ಕೂತಿರುತ್ತದೆ. ತೆಳುವಾದಷ್ಟೂ ಒಳಗೆ ಗಾಳಿ ಆಡುವ ಜಾಗ ಕಡಿಮೆ. ಬಿಸಿ ಹೆಚ್ಚಾದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಜನ ‘ವೈರಸ್ ಬಂದದ ನೋಡ್ರಿ’ ಅಂತ ತರುತ್ತಾರೆ.

ಹೋದ ವಾರ ಒಂದು ಬಂತು, ಗಣಿ ಲಾರಿ ಓಡುವ ರಸ್ತೆ ಪಕ್ಕದ ಆಫೀಸಿನದು. ಕೆಳಗಿನ ತಗಡು ಬಿಚ್ಚಿದೆ. ತಾಮ್ರದ ಕೊಳವೆಯ ತುದಿಯಲ್ಲಿ ರೆಕ್ಕೆ ರೆಕ್ಕೆ ಇರುತ್ತದಲ್ಲ, ಅಲ್ಲಿ ಕೆಂಪು ಧೂಳು ಕೂದಲೆಳೆ ಜೊತೆ ಹೆಣೆದುಕೊಂಡು ಕಂಬಳಿ ತುಂಡಿನ ಹಾಗೆ ಕೂತಿತ್ತು. ಚಿಮಟದಿಂದ ಎಳೆದರೆ ಒಂದೇ ಹಾಳೆಯಾಗಿ ಬಂತು. ಫ್ಯಾನು ತಿರುಗುತ್ತಲೇ ಇತ್ತು ಪಾಪ, ಗಾಳಿ ಹೊರಗೆ ಹೋಗಲು ದಾರಿ ಇರಲಿಲ್ಲ.

ಗಂಗಾವತಿ ಕಡೆಯಿಂದ ಬಂದರೆ ಅದೇ ಜಾಗದಲ್ಲಿ ಅಕ್ಕಿ ಗಿರಣಿ ಹೊಟ್ಟು. ಊರು ಕೇಳುವುದೇ ಬೇಡ, ಫ್ಯಾನ್ ನೋಡಿ ಹೇಳಿಬಿಡುತ್ತೇನೆ.

ಒತ್ತಕ್ಷರ (ಗಂಗಾವತಿ)

ನಮ್ಮ ಮನೆ ಗಿರಣಿಯಿಂದ ದೂರ ಇದೆ ಎಂದು ಸ್ಪಷ್ಟಪಡಿಸುತ್ತೇನೆ.

ಬರಹದಂಗಡಿ (ರಾಯಚೂರು)

ಹಂಗಿದ್ರ ಫ್ಯಾನೇ ಇಲ್ಲದ್ದು ಬರ್ತಾವಲ್ಲ, ಮ್ಯಾಕ್‌ಬುಕ್ ಏರ್ ಥರದವು, ಅವು ಚಲೋ ಅಲ್ಲೇನ್ರಿ ಅಣ್ಣಾರೆ?

ಕೆಂಪು ಧೂಳು (ಬಳ್ಳಾರಿ)

ಧೂಳಿಗೆ ಚಲೋ, ಒಳಗೆ ಎಳೆದುಕೊಳ್ಳುವ ಫ್ಯಾನೇ ಇಲ್ಲ. ಟೈಪಿಂಗ್, ಓದುವುದು, ಅಷ್ಟಕ್ಕೆ ಬಿಸಿಯೂ ಆಗುವುದಿಲ್ಲ. ಬಹಳ ಹೊತ್ತು ಭಾರದ ಕೆಲಸ ಕೊಟ್ಟರೆ ಮಾತ್ರ ನಿಧಾನ ಆಗುತ್ತದೆ. ಆದರೆ ನಿಮ್ಮ ಪೇಜ್‌ಮೇಕರ್ ಅದರಲ್ಲಿ ನಡೆಯುವುದಿಲ್ಲ, ಚರ್ಚೆ ಅಲ್ಲಿಗೆ ಮುಗಿಯಿತು.

ವಿಂಡೋಸ್‌ನಲ್ಲೇ ಈಗ ಸ್ನ್ಯಾಪ್‌ಡ್ರ್ಯಾಗನ್ ಪ್ರೊಸೆಸರ್‌ನ ತೆಳು ಲ್ಯಾಪ್‌ಟಾಪ್ ಬರುತ್ತಿವೆ. ಬ್ಯಾಟರಿ ಚೆನ್ನಾಗಿ ಬಾಳುತ್ತದೆ, ಬಿಸಿಯೂ ಕಡಿಮೆ. ಅಂಗಡಿಯವರು ತೋರಿಸಿದರೆ ಒಂದು ಪ್ರಶ್ನೆ ಕೇಳಿ: ‘ನನ್ನ ಪ್ರಿಂಟರ್ ಡ್ರೈವರ್ ಇದಕ್ಕೆ ಇದೆಯಾ?’ ಸಾಮಾನ್ಯ ಸಾಫ್ಟ್‌ವೇರ್‌ಗಳನ್ನು ಅದು ಅನುಕರಣೆ ಮಾಡಿ ಓಡಿಸುತ್ತದೆ, ಪ್ರಿಂಟರ್‌ನಂಥ ಯಂತ್ರಗಳನ್ನು ನಡೆಸುವ ಡ್ರೈವರ್‌ಗಳನ್ನು ಹಾಗೆ ಓಡಿಸಲಾಗದು. ಆ ಪ್ರೊಸೆಸರ್‌ಗೆಂದೇ ಮಾಡಿದ ಡ್ರೈವರ್ ಬೇಕು. ಹಳೇ ಲೇಸರ್ ಪ್ರಿಂಟರ್, ಸ್ಕ್ಯಾನರ್, ಬೆರಳ ಗುರುತು ಓದುವ ಯಂತ್ರ ಇಟ್ಟುಕೊಂಡವರು ಇಲ್ಲೇ ಸಿಕ್ಕಿಹಾಕಿಕೊಳ್ಳುವುದು. ನಿಮ್ಮಂಥ ಅಂಗಡಿಗೆ ಇಂಟೆಲ್ ಅಥವಾ ಎಎಮ್‌ಡಿಯೇ ನೆಟ್ಟಗೆ.

ಗಂಜ್ ಲೆಕ್ಕ (ರಾಯಚೂರು)

ಕಿಂಡಿ ಮಾತು ಯಾರೂ ಎತ್ತಲಿಲ್ಲಲ್ಲ. ನಾ ರಾಜೇಂದ್ರ ಗಂಜ್‌ನಾಗ ದಲಾಲಿ ಅಂಗಡಿಗಳ ಲೆಕ್ಕ ಬರೀತೀನಿ. ಹೋದ ವರ್ಷ ಶೋಕಿ ಮಾಡಿ ಭಾಳ ತೆಳುಂದು ತಗೊಂಡೆ. ಮನಿಗೆ ತಂದು ಬಿಚ್ಚಿ ನೋಡಿದ್ರ ಎರಡೇ ಕಿಂಡಿ, ಎರಡೂ ಟೈಪ್-ಸಿ. ತಿಂಗಳ 20ನೇ ತಾರೀಕು, ಜಿಎಸ್‌ಟಿ ರಿಟರ್ನ್ ಕಡೇ ದಿನ, ಡಿಜಿಟಲ್ ಸಹಿ ಟೋಕನ್ ಕೈಯಾಗ ಹಿಡ್ಕೊಂಡು ಎಲ್ಲಿ ತೂರಿಸಬೇಕು ಅಂತ ಲ್ಯಾಪ್‌ಟಾಪ್ ಸುತ್ತಾ ತಿರುಗಿಸಿ ತಿರುಗಿಸಿ ನೋಡೀನಿ. ಹೊಸಾ ಆಕಳಕ್ಕ ಹಲ್ಲು ಎಣಿಸಿದಂಗ. ಸ್ಟೇಷನ್ ರೋಡಿಗೆ ಓಡಿ ಹಳೇ ಕಿಂಡಿ ಇರೋ ಹಬ್ ತಂದ ಮ್ಯಾಲ ಕೆಲಸ ಆಯ್ತು.

ಆ ಟೈಪ್-ಸಿಯೂ ನೋಡಲಿಕ್ಕ ಎಲ್ಲಾ ಒಂದೇ ಥರ, ಗುಣ ಬ್ಯಾರೆ ಬ್ಯಾರೆ. ಒಂದರಾಗ ಚಾರ್ಜ್ ಆಗ್ತದ, ಇನ್ನೊಂದರಾಗ ಆಗಂಗಿಲ್ಲ. ಒಂದು ಹೊರಗಿನ ಪರದೆ ನಡಸ್ತದ, ಇನ್ನೊಂದು ಬರೇ ಪೆನ್‌ಡ್ರೈವ್‌ಗೆ. ಕೊಳ್ಳೋ ಮೊದಲ ಕೇಳ್ಕೋರಿ. ಕನಿಷ್ಠ ಒಂದು ಹಳೇ ನಮೂನಿ ಯುಎಸ್‌ಬಿ ಕಿಂಡಿ ಮತ್ತ ಒಂದು ಎಚ್‌ಡಿಎಮ್‌ಐ ಇರೋದೇ ತಗೋರಿ. ಗಿರಾಕಿ ತರೋ ಪೆನ್‌ಡ್ರೈವ್ ಟೈಪ್-ಸಿ ಇರಂಗಿಲ್ಲ.

ಮತ್ತೊಂದು, ಬಿಲ್ಲು. ಅಕ್ಕಾರು ಜಿಎಸ್‌ಟಿ ನೋಂದಣಿ ಮಾಡಿಸಿದ್ರ ನಿಮ್ಮ ಅಂಗಡಿ ಜಿಎಸ್‌ಟಿ ನಂಬರ್ ಹಾಕಿಸೇ ಬಿಲ್ ತಗೋರಿ. ಲ್ಯಾಪ್‌ಟಾಪ್ ಮ್ಯಾಲ ತೆರಿಗಿ 18 ಶೇಕಡಾ, ಅದು ಇನ್‌ಪುಟ್ ಆಗಿ, ಅಂದ್ರ ನೀವು ಕಟ್ಟೋ ಜಿಎಸ್‌ಟಿಯಾಗ ಕಳೆದು, ವಾಪಸ್ ಸಿಗ್ತದ. ಕಾಂಪೋಸಿಷನ್‌ನಾಗ (ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಪದ್ಧತಿ) ಇದ್ರ ಸಿಗಂಗಿಲ್ಲ. ಲೆಕ್ಕದ ಪುಸ್ತಕ ಇಟ್ಟು ಲಾಭ ತೋರಸೋರಿಗೆ ಆದಾಯ ತೆರಿಗಿಯಾಗ ಕಂಪ್ಯೂಟರ್ ಸವಕಳಿ (ಹಳೇದಾಗಿ ಇಳಿಯೋ ಬೆಲಿ ಖರ್ಚಿಗೆ ಹಿಡಿಯೋದು) 40 ಶೇಕಡಾ ಅದ. ಆ ವರ್ಷ 180 ದಿನಕ್ಕಿಂತ ಕಡಿಮಿ ಬಳಸಿದ್ರ ಅದರ ಅರ್ಧ. ಅಂದ್ರ ಅಕ್ಟೋಬರ್ ಆರಂಭದೊಳಗ ತಗೊಂಡು ಕೆಲಸಕ್ಕ ಹಚ್ಚೋದು ಲಾಭ. ಅಂದಾಜಿನ ಲಾಭ ತೋರಸೋ ಪದ್ಧತಿಯಾಗ ಇದ್ರ ಬ್ಯಾರೆ ಸವಕಳಿ ಕೇಳೋಂಗಿಲ್ಲ.

ಪರ ಊರಾಂವ (ಊರು ಸಿಂಧನೂರು, ಇರೋದು ಬೆಂಗಳೂರು)

ಅಣ್ಣಾರ, ಲ್ಯಾಪ್‌ಟಾಪ್ ಕೇಳಿದ್ರ ತೆರಿಗಿ ಪಾಠ ಮಾಡಿದ್ರಿ.

ಗಂಜ್ ಲೆಕ್ಕ (ರಾಯಚೂರು)

18 ಶೇಕಡಾ ಅಂದ್ರ ಒಂದು ಪ್ರಿಂಟರ್ ರೊಕ್ಕ ಆಗ್ತದಪಾ.

ಪರ ಊರಾಂವ (ಊರು ಸಿಂಧನೂರು, ಇರೋದು ಬೆಂಗಳೂರು)

ಸರಿ, ಓಲೆಡ್ ಬಗ್ಗೆ ನಾನೇ ಸ್ವಲ್ಪ ಹಿಂದ ಸರೀತೀನಿ. ನಾ ಕೋಡ್ ಬರಿಯೋನು, ನನ್ನ ಪರದೆ ದಿನಾ ಪೂರಾ ಕಪ್ಪು ಹಿನ್ನೆಲಿ. ಓಲೆಡ್‌ನಾಗ ಕಪ್ಪು ಅಂದ್ರ ಅಲ್ಲಿ ಬೆಳಕೇ ಉರಿಯಂಗಿಲ್ಲ, ಬ್ಯಾಟರಿ ಉಳೀತದ. ಅಕ್ಕಾರದು ದಿನಾ ಪೂರಾ ಬಿಳಿ ಕಾಗದ. ಬಿಳಿ ಪುಟಕ್ಕ ಎಲ್ಲಾ ಚುಕ್ಕಿನೂ ಉರೀಬೇಕು, ಬ್ಯಾಟರಿ ಬೇಗ ಇಳೀತದ. ಮತ್ತ ಒಂದೇ ಮೆನು ಪಟ್ಟಿ, ಒಂದೇ ಟೂಲ್ ಪೆಟ್ಟಿಗಿ ವರ್ಷಗಟ್ಲೆ ಅದೇ ಜಾಗದಾಗ ನಿಂತ್ರ ಅಲ್ಲಿ ಕಲೆ ಉಳಿಯೋ ಭಯನೂ ಅದ. ಹೆಚ್ಚಿನವು ಕನ್ನಡಿಯಂಗ ಹೊಳೀತಾವ. ರಸ್ತೆಗೆ ಮುಖ ಮಾಡಿದ ಅಂಗಡಿಯಾಗ ಕೂತ್ರ ಕರಪತ್ರದ ಬದಲಿ ಹಿಂದ ಹೋಗೋ ಆಟೋ ಕಾಣತಾವ. ಬೆಳಕು ಕಡಿಮಿ ಮಾಡಿದಾಗ ಕೆಲವು ಪರದೆ ಕಣ್ಣಿಗೆ ಗೊತ್ತಾಗದಂಗ ಮಿಟುಕ್ತಾವ, ಕೆಲವ್ರಿಗೆ ಅದರಿಂದ ತಲಿನೋವು.

ಹಂಗಾಗಿ ಐಪಿಎಸ್ ಪರದೆ (ಹಿಂದಿನಿಂದ ಬೆಳಕು ಬೀಳೋ ನಮೂನಿ, ಓಲೆಡ್ ಅಲ್ಲ), ಹೊಳಪಿಲ್ಲದ್ದು, 14 ಇಂಚು, 2560×1600. ಇಂಚಿಗೆ 215 ಚುಕ್ಕಿ ಬೀಳ್ತಾವ. ಗುರುಗಳ ಲೆಕ್ಕದಾಗ ಹೇಳಬೇಕಂದ್ರ 11 ಪಾಯಿಂಟ್‌ಗೆ 33 ಚುಕ್ಕಿ. 37ಕ್ಕೂ 33ಕ್ಕೂ ಕಣ್ಣು ವ್ಯತ್ಯಾಸ ಹಿಡಿಯಂಗಿಲ್ಲ. ಬೆಳಕು 400 ನಿಟ್ಸ್ ಆದ್ರೂ ಇರ್ಲಿ, ಹಗಲು ಅಂಗಡಿಗೆ 250 ಸಾಲಂಗಿಲ್ಲ.

15.6ರಿಂದ 14ಕ್ಕ ಬಂದ್ರ ಸಣ್ಣದಾಗ್ತದ ಅಂತ ಹೆದರಬ್ಯಾಡ್ರಿ. ಹೊಸಾವು 16:10 ಆಕಾರ. 15.6ರ ಹಳೇ ಪರದೆ ಎತ್ತರ 7.6 ಇಂಚು, 14ರದ್ದು 7.4. ಅಡ್ಡ ಅಗಲ ಕಡಿಮಿ ಆಗ್ತದ, ಪುಟ ನೋಡೋ ಎತ್ತರ ಹಂಗೇ ಉಳೀತದ.

ಗೆರೆ (ಕೊಪ್ಪಳ)

ಇದು ಬರೋಬ್ಬರಿ. ಮತ್ತ 2560×1600ಕ್ಕ 200 ಸ್ಕೇಲ್ ಹಾಕಿದ್ರ ಸಿಗೋ ಜಾಗ 1280×800. ಅಕ್ಕಾರ ಹಳೇ 1366×768 ಇದ್ದಷ್ಟೇ. ಪೇಜ್‌ಮೇಕರ್ ಕಿಟಕಿ ನೋಡಿದ್ರ ಹಳೇ ಮನಿಯಾಗೇ ಇದ್ದಂಗ ಅನಸತೈತಿ. ಜಾಗ ಸಾಲದಿದ್ರ ವರ್ಡ್ ಕೆಲಸ ಮಾಡುವಾಗ 150ಕ್ಕ ಇಳಿಸಿಕೋರಿ.

ಕೆಂಪು ಧೂಳು (ಬಳ್ಳಾರಿ)

ರ‍್ಯಾಮ್ ಮರೆಯಬೇಡಿ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಬಹುತೇಕ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ‘ಆಮೇಲೆ ಹಾಕಿಸ್ತೀನಿ’ ಅಂತ 8 ಜಿಬಿ ಒಯ್ದವರು ನನ್ನ ಹತ್ತಿರ ಬಂದು ಬೈದು ಹೋಗುತ್ತಾರೆ, ನಾನೇ ಬೆಸುಗೆ ಹಾಕಿದ ಹಾಗೆ. 16 ಜಿಬಿ ಮೊದಲೇ ಇರಲಿ. ಫೈಲು ಉಳಿಸುವ ಎಸ್‌ಎಸ್‌ಡಿ ಮಾತ್ರ ಹೆಚ್ಚಿನವುಗಳಲ್ಲಿ ಆಮೇಲೆ ಬದಲಿಸಬಹುದು.

ಒಂದೇ ಹೆಸರಿನ ಮಾದರಿಯಲ್ಲಿ ಮೂರು ನಾಲ್ಕು ಥರ ಪರದೆ ಬರುತ್ತವೆ. ಡಬ್ಬಿ ಮೇಲಿನ ಪೂರ್ತಿ ಮಾದರಿ ಸಂಖ್ಯೆ ಓದಿ, ಕೊನೆಯ ಎರಡು ಮೂರು ಅಕ್ಷರದಲ್ಲೇ ವ್ಯತ್ಯಾಸ ಇರುತ್ತದೆ. ಮನೆಗೇ ಬಂದು ಮಾಡುವ ಸರ್ವಿಸ್ ನಿಮ್ಮ ಪಿನ್‌ಕೋಡ್‌ಗೆ ಇದೆಯಾ ಅಂತ ಕಂಪನಿ ಜಾಲತಾಣದಲ್ಲಿ ಹಾಕಿ ನೋಡಿ. ಡಬ್ಬಿ ಮೇಲೆ ‘ಆನ್‌ಸೈಟ್’ ಅಂತ ಇದ್ದರೆ ಸಾಲದು.

ಬರಹದಂಗಡಿ (ರಾಯಚೂರು)

ಎಲ್ಲಾ ಬರ್ಕೊಂಡೀನಿ. ನಾಳೆ ಪೆನ್‌ಡ್ರೈವ್‌ನಾಗ ಆ ಪೀಠಾಧಿಪತಿ ಫೈಲನ್ನೇ ಪಿಡಿಎಫ್ ಮಾಡಿ ಒಯ್ತೀನಿ. ಯಾವ ಪರದೆ ಮ್ಯಾಲ ಚುಕ್ಕಿ ಕಾಣ್ತದೋ ಅದು.

ಒತ್ತಕ್ಷರ (ಗಂಗಾವತಿ)

ಅಂಗಡಿಯಲ್ಲಿ ಹಾರುವ ಗಿಳಿ, ಸಮುದ್ರದ ವಿಡಿಯೋ ಹಾಕಿಟ್ಟಿರುತ್ತಾರೆ. ಅದನ್ನು ಮುಚ್ಚಿಸಿ ನಿಮ್ಮ ಫೈಲು ತೆಗೆಸಿ. ‘ಶ್ರದ್ಧೆ’, ‘ಸಿದ್ಧಾರೂಢ’, ‘ಕಂಠಪಾಠ’, ಈ ಮೂರು ಪದ 9 ಪಾಯಿಂಟ್‌ನಲ್ಲಿ ಸೇರಿಸಿಕೊಂಡು ಹೋಗಿ.

(ಹತ್ತು ದಿನದ ಮ್ಯಾಲ)

ಬರಹದಂಗಡಿ (ರಾಯಚೂರು)

ತಗೊಂಡೆ. 14 ಇಂಚು, 2560×1600, ಹೊಳಪಿಲ್ಲದ ಐಪಿಎಸ್, 16 ಜಿಬಿ, 512ರ ಎಸ್‌ಎಸ್‌ಡಿ. ತೂಕ ಒಂದು ಕಿಲೋ ಮುನ್ನೂರು ಗ್ರಾಮು. ಹಳೇ ಯುಎಸ್‌ಬಿ ಕಿಂಡಿ ಎರಡು, ಎಚ್‌ಡಿಎಮ್‌ಐ ಒಂದು ಅದ. ಅಂಗಡಿ ಹುಡುಗ ಓಲೆಡ್ ಪಕ್ಕಕ್ಕೇ ಇಟ್ಟು ತೋರಿಸಿದ, ಆಸಿ ಆಯ್ತು, ಸುಳ್ಳು ಹೇಳಂಗಿಲ್ಲ. ಆದ್ರ ಅದರಾಗ ನನ್ನ ಮುಖ ಮತ್ತ ಹಿಂದಿನ ಟ್ಯೂಬ್‌ಲೈಟು ಎರಡೂ ಕಂಡವು. ಬಿಟ್ಟೆ. ಗುರುಗಳ ಮೂರು ಪದ ತೆಗೆಸಿದಾಗ ಹುಡುಗ “ಇದೇನ್ ಮೇಡಂ, ಕಣ್ಣಿನ ಡಾಕ್ಟರ್ ಪರೀಕ್ಷೆ ಇದ್ದಂಗ ಅದ” ಅಂದ.

ಕೂಡಿಸಿದ ಕಥಿ ಹೇಳ್ತೀನಿ, ಯಾರಿಗಾದ್ರೂ ಉಪಯೋಗ ಆಗ್ಲಿ.

ಬಂದ ದಿನ 200 ಸ್ಕೇಲ್ ಹಾಕಿದೆ. ಪೇಜ್‌ಮೇಕರ್ ಹಾಕಿ ತೆಗೆದ್ರ, ಗೆರೆ ಅಣ್ಣಾರು ಹೇಳಿದಂಗೇ ಮಬ್ಬು. ಕಂಪ್ಯಾಟಿಬಿಲಿಟಿಗೆ ಹೋಗಿ ಎನ್‌ಹ್ಯಾನ್ಸ್‌ಡ್ ಹಾಕಿದೆ, ಮುಚ್ಚಿ ತೆಗೆದೆ. ಮೆನು ಅಕ್ಷರ ಚೊಕ್ಕ ಆದವು, ಪುಟದೊಳಗಿನ ಅಕ್ಷರ ಸ್ವಲ್ಪ ಸುಧಾರಿಸಿದವು, ಪೂರಾ ಅಲ್ಲ. ಈಗ ಕಟ್ಟೋದು ಅಲ್ಲಿ, ಓದೋದು ಪಿಡಿಎಫ್‌ನಾಗ. ಪಿಡಿಎಫ್‌ನಾಗ ಮೊದಲ ಸಲ ‘ಕಂಠಪಾಠ’ ತೆಗೆದಾಗ ಎರಡು ಠ ಒಳಗ ಎರಡು ಚುಕ್ಕಿ, ಸಾಸಿವಿ ಕಾಳು ಇಟ್ಟಂಗ, ಅಷ್ಟು ಸ್ಪಷ್ಟ. ಸುಮ್ಮನೇ ನೋಡ್ಕೊಂತ ಕೂತೆ.

ಕನ್ನಡ ಟೈಪಿಂಗ್‌ಗೆ ವಿಂಡೋಸ್‌ದೇ ಕನ್ನಡ ಸೇರಿಸಿದೆ, ಇನ್‌ಸ್ಕ್ರಿಪ್ಟ್ ಅನ್ನೋ ಕೀಲಿಮಣಿ ಜೋಡಣಿ ಬಂತು. ನನ್ನ ಬೆರಳಿಗೆ ಅದು ಬರಂಗಿಲ್ಲ. ನುಡಿಯಾಗ ಎಫ್ ಒತ್ತಿದ್ರ ಅರ್ಧಾಕ್ಷರ, ಇನ್‌ಸ್ಕ್ರಿಪ್ಟ್‌ನಾಗ ಅದು ಡಿ. 15 ವರ್ಷ ಎಫ್ ಒತ್ತಿದ ಬೆರಳು ಈಗ ಡಿಗೆ ಹೋಗು ಅಂದ್ರ ಹೋಗ್ತದೇನು? ನುಡಿನೇ ಹಾಕಿದೆ, ಯುನಿಕೋಡ್ ಮತ್ತ ಆಸ್ಕಿ ಎರಡೂ. ಹೊಸಾ ಕೆಲಸ ಎಲ್ಲಾ ವರ್ಡ್‌ನಾಗ ಯುನಿಕೋಡ್, ಹಳೇ ಫೈಲ್‌ಗೆ ಮಾತ್ರ ಆಸ್ಕಿ. ಗಿರಾಕಿಗಳು ‘ವಾಟ್ಸಾಪಿಗೆ ಹಾಕ್ರಿ’ ಅಂದಾಗ ಆಸ್ಕಿ ಅಂಟಿಸಿದ್ರ ಇಂಗ್ಲಿಷ್ ಅಕ್ಷರ ಕಲಸಿ ಚೆಲ್ಲಿದಂಗ ಬರ್ತಿತ್ತಲ್ಲ, ಆ ಕಾಟ ತಪ್ಪಿತು.

ಒಂದು ಸಂಧರ್ಭ ಮಾತ್ರ ಎದಿ ಒಡೆಯೋದೊಂದೇ ಬಾಕಿ. ಮೂರನೇ ದಿನ ಏನೋ ಅಪ್‌ಡೇಟ್ ಆಗಿ ಎದ್ದಾಗ ನೀಲಿ ಪರದೆ, 48 ಅಂಕಿಯ ರಿಕವರಿ ಕೀ ಕೇಳ್ತು. ನಾ ಏನೂ ಬೀಗ ಹಾಕಿಲ್ಲ! ಗೆರೆ ಅಣ್ಣಾರಿಗೆ ಸಂದೇಶ ಹಾಕಿದೆ. ಮೊದಲ ದಿನ ಮೈಕ್ರೋಸಾಫ್ಟ್ ಖಾತೆ ಹಾಕಿ ಶುರು ಮಾಡಿದ್ದಕ್ಕ ಡಿಸ್ಕ್ ತಾನೇ ಬೀಗ ಹಾಕ್ಕೊಂಡಿರ್ತದ, ಕೀ ಆ ಖಾತೆಯಾಗೇ ಇರ್ತದ ಅಂದ್ರು. ಫೋನಿನಾಗ ಖಾತೆ ತೆಗೆದು ನೋಡಿದ್ರ ಇತ್ತು. ಈಗ ಅದನ್ನ ಕಾಗದದ ಮ್ಯಾಲ ಬರೆದು ಅಂಗಡಿ ಲೈಸೆನ್ಸ್ ಜತಿಗೆ ಇಟ್ಟೀನಿ. ಆ ಖಾತೆ ಪಾಸ್‌ವರ್ಡ್ ಮರೆತಿದ್ರ ಏನ್ ಗತಿ ಅಂತ ನೆನಸಿದ್ರ ಈಗಲೂ ಕೈ ತಣ್ಣಗಾಗ್ತಾವ.

ಗೆರೆ (ಕೊಪ್ಪಳ)

ಎಲ್ಲಾರೂ ಇವತ್ತೇ ನೋಡಿ ಬರ್ಕೋರಿ. ಬೀಗ ಇರೋದು ಚಲೋನೇ, ಬಸ್ಸಿನಾಗ ಕಳೆದ್ರ ಗಿರಾಕಿ ಕ್ರಯಪತ್ರ ಯಾರ ಕೈಗೂ ಸಿಗಂಗಿಲ್ಲ. ಕೀ ನಿಮ್ಮ ಕೈಯಾಗ ಇರಬೇಕು, ಅಷ್ಟೇ.

ಕೆಂಪು ಧೂಳು (ಬಳ್ಳಾರಿ)

ಬ್ಯಾಟರಿ 80ಕ್ಕೆ ನಿಲ್ಲುವಂತೆ ಇಟ್ಟಿರಾ? ಕಂಪನಿ ಕೊಟ್ಟ ಸಾಫ್ಟ್‌ವೇರ್‌ನಲ್ಲಿ ಇರುತ್ತದೆ. ದಿನವಿಡೀ ಚಾರ್ಜರ್‌ಗೆ ಸಿಕ್ಕಿಸಿ, ಅದರ ಮೇಲೆ ಬಿಸಿಲೂರು, 100ರಲ್ಲೇ ನಿಂತರೆ ಬ್ಯಾಟರಿ ಬೇಗ ಮುಪ್ಪಾಗುತ್ತದೆ. ಮಾನ್ವಿಗೆ ಹೋಗುವ ಹಿಂದಿನ ರಾತ್ರಿ ಮಾತ್ರ 100 ಮಾಡಿಕೊಳ್ಳಿ. ಲ್ಯಾಪ್‌ಟಾಪ್ ಅಡಿಗೆ ಎರಡು ಮರದ ಪಟ್ಟಿ ಕೊಟ್ಟು ಎತ್ತರಿಸಿ, ಕೆಳಗಿನ ಕಿಂಡಿಯಿಂದಲೇ ಗಾಳಿ ಎಳೆಯುವುದು. ಫೈಲಿನ ಮೇಲೆ, ಹಾಸಿಗೆ ಮೇಲೆ ಬೇಡ. ವರ್ಷಕ್ಕೊಮ್ಮೆ ಬಿಚ್ಚಿಸಿ ಧೂಳು ತೆಗೆಸಿ. ಬೇಸಿಗೆಯಲ್ಲಿ ನೀರಿನ ಕೂಲರ್ ನೇರ ಅದರ ಮುಖಕ್ಕೆ ಇಡಬೇಡಿ.

ಲೇಸರ್ ಪ್ರಿಂಟರ್ ಸಣ್ಣ ಯುಪಿಎಸ್‌ಗೆ ಕೊಟ್ಟಿದ್ದರೆ ಇವತ್ತೇ ತೆಗೆಯಿರಿ. ಅದು ಬಿಸಿಯಾಗುವಾಗ ಒಮ್ಮೆಲೇ ಎಳೆಯುವ ಕರೆಂಟನ್ನು ಯುಪಿಎಸ್ ತಾಳುವುದಿಲ್ಲ. ಲ್ಯಾಪ್‌ಟಾಪ್‌ಗೆ ತನ್ನದೇ ಬ್ಯಾಟರಿ ಇದೆ, ಅದಕ್ಕೆ ಯುಪಿಎಸ್ ಬೇಕಿಲ್ಲ.

ಬರಹದಂಗಡಿ (ರಾಯಚೂರು)

ಪ್ರಿಂಟರ್ ಯುಪಿಎಸ್‌ಗೇ ಇತ್ರೀ. ತೆಗೆದೆ.

ಗಂಜ್ ಲೆಕ್ಕ (ರಾಯಚೂರು)

ಬಿಲ್ಲಿನಾಗ ಅಂಗಡಿ ಜಿಎಸ್‌ಟಿ ನಂಬರ್ ಬಂದದೋ ಇಲ್ಲೋ, ಅದನ್ನ ಹೇಳಲೇ ಇಲ್ಲ.

ಬರಹದಂಗಡಿ (ರಾಯಚೂರು)

ಬಂದದ ಅಣ್ಣಾರೆ. ಎರಡು ಸಲ ಓದೀನಿ.

ಒತ್ತಕ್ಷರ (ಗಂಗಾವತಿ)

ಅಭಿನಂದನೆ ತಂಗಿ. ಮೇಲೆ ‘ಸಂಧರ್ಭ’ ಎಂದು ಬರೆದಿದ್ದೀರಿ. ‘ಸಂದರ್ಭ’. ಮೊದಲನೆಯದು ಅಲ್ಪಪ್ರಾಣ.

ಬರಹದಂಗಡಿ (ರಾಯಚೂರು)

ಗುರುಗಳೇ, ಅದು ಬಸ್ಸಿನಾಗ ನಿಂತು ಫೋನಿನಾಗ ಬರೆದದ್ದು!